ಗಿರಿಜಕ್ಕನ ಗುಲಾಬಿ ಮತ್ತು ನನ್ನ ನೀಲಿ ಟಿಕ್ಕು

ನಾನು ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೇನೆ ಎಂಬುದು ಇತ್ತೀಚಿನವರೆಗೂ ನನಗಿಂತ ಚೆನ್ನಾಗಿ ನಮ್ಮ ನೆಂಟರಿಷ್ಟರಿಗೆ ಗೊತ್ತಿತ್ತು. ಎದ್ದ ಕೂಡಲೇ ಗಡಿಯಾರ ನೋಡುವ ಅಭ್ಯಾಸ ನನಗಿಲ್ಲ. ಆದರೆ ನನ್ನ 'ಲಾಸ್ಟ್ ಸೀನ್' ನೋಡುವ ಅಭ್ಯಾಸ ಅವರಿಗಿತ್ತು. "ಯಾಕಮ್ಮ, ಇವತ್ತು ತಡವಾಗಿ ಎದ್ದಂಗಿದೆ, ಮೈ ಹುಷಾರಿಲ್ವಾ?" ಎಂದು ಅಜ್ಜಂಪುರದಿಂದ ಒಬ್ಬರು ಕೇಳಿದರೆ, "ನಿನ್ನೆ ಅಷ್ಟೊತ್ತಿಗೂ ಆನ್‌ಲೈನ್ ಇದ್ರಲ್ಲ, ನಿದ್ದೆ ಬರಲಿಲ್ವಾ?" ಎಂದು ತರೀಕೆರೆಯ ಸಹೋದ್ಯೋಗಿಯೊಬ್ಬರು ಗಸಗಸೆ ಪಾಯಸ ಮಾಡುವ ವಿಧಾನ ಕಳಿಸುತ್ತಿದ್ದರು. ಇಷ್ಟು ಕಾಳಜಿಯ ನಡುವೆ ಬದುಕುವುದು ಪುಣ್ಯವೇ. ಆದರೂ ಮನುಷ್ಯಳಾದವಳಿಗೆ ಒಮ್ಮೊಮ್ಮೆ ಯಾರಿಗೂ ತಿಳಿಯದ ಹಾಗೆ ತಡವಾಗಿ ಏಳಬೇಕೆನಿಸುತ್ತದೆ.

ನನ್ನ ಮನೆ ಕಡೂರಿನಲ್ಲಿ, ಕೆಲಸ ತರೀಕೆರೆಯ ಕಾಲೇಜಿನಲ್ಲಿ ಇತಿಹಾಸ ಹೇಳುವುದು. ನಡುವಿನ ರೈಲಿನಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ಫೋನನ್ನು ನನಗಿಂತ ಮೊದಲು ಓದಿ ಮುಗಿಸುತ್ತಾರೆ. ನಾನು ನಿಧಾನ ಓದುವವಳು. ಎಷ್ಟೋ ಸಲ ಅವರು ಪರದೆಯನ್ನು ತಾವೇ ಬೆರಳಿನಿಂದ ಮೇಲೆ ಸರಿಸಿದ್ದೂ ಉಂಟು.

ನಮ್ಮ ಯಜಮಾನರ ಜಾತಿಯೇ ಬೇರೆ. ಅವರಿಗೆ ಪಂಪು, ಪೈಪುಗಳ ಅಂಗಡಿಯಿದೆ. ಅದಕ್ಕಿಂತ ದೊಡ್ಡ ವ್ಯವಹಾರ ಸ್ಟೇಟಸ್ಸಿನದು. ತಟ್ಟೆಗೆ ಬಿದ್ದ ಮೆಣಸಿನಕಾಯಿ ಬೋಂಡ ಮೊದಲು ಸ್ಟೇಟಸ್ಸಿಗೆ ನೈವೇದ್ಯವಾಗಿ ಆಮೇಲೆ ಅವರ ಬಾಯಿಗೆ ಹೋಗುತ್ತದೆ. ಹಿರೇನಲ್ಲೂರಿನ ಕಡೆ ಯಾರ ತೋಟದಲ್ಲಾದರೂ ಮೋಟಾರು ಇಳಿಸಿದರೆ ನೀರು ಮೇಲೆ ಬರುವ ಮೊದಲೇ ಚಿತ್ರ ಮೇಲೆ ಬಂದಿರುತ್ತದೆ. ಒಮ್ಮೆ ಎಮ್ಮೆದೊಡ್ಡಿಯ ಕಾವಲಿನ ಹುಲ್ಲು ಬಯಲಿನಲ್ಲಿ ಅಮೃತಮಹಲ್ ದನಗಳ ಜೊತೆ ಸೆಲ್ಫಿ ತೆಗೆಯಲು ಹೋಗಿ, ಆ ದನಗಳಿಗೆ ಅದು ಸರಿಬರದೆ, ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದರು. ಓಡುತ್ತ ತೆಗೆದ ವಿಡಿಯೋವನ್ನೂ ಹಾಕಿದರು. ಅದನ್ನು ನೋಡಿದವರಷ್ಟು ಜನ ನನ್ನ ತರಗತಿಗೆ ಯಾವ ವರ್ಷವೂ ಬಂದಿಲ್ಲ.

ಹೀಗಿರುವಾಗ ನಮ್ಮ ಕಾಲೇಜಿಗೆ ಒಬ್ಬಳು ಚುರುಕಾದ ಹುಡುಗಿ ಬಂದು ಮೊಬೈಲ್ ಸುರಕ್ಷತೆಯ ಬಗ್ಗೆ ಉಪನ್ಯಾಸ ಕೊಟ್ಟಳು. "ನೀವು ಯಾವಾಗ ಏಳ್ತೀರ, ಯಾವಾಗ ಮಲಗ್ತೀರ ಅನ್ನೋದು ಲೋಕಕ್ಕೆ ಯಾಕೆ ಗೊತ್ತಾಗಬೇಕು ಮೇಡಂ?" ಎಂದು ಅವಳು ಕೇಳಿದಾಗ, ಇಷ್ಟು ವರ್ಷ ಈ ಪ್ರಶ್ನೆ ನನಗೇಕೆ ಹೊಳೆಯಲಿಲ್ಲ ಎಂದು ಬೆರಗಾಯಿತು. ಅಲ್ಲೇ ಕೂತು ವಾಟ್ಸಾಪಿನ ಕಿಟಕಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದೆ. ಲಾಸ್ಟ್ ಸೀನ್ ಯಾರಿಗೂ ಇಲ್ಲ. ಫೋಟೊ ಯಾರಿಗೂ ಇಲ್ಲ. ಸಂದೇಶ ಓದಿದ್ದಕ್ಕೆ ಬೀಳುವ ನೀಲಿ ಟಿಕ್ಕೂ ಬಂದ್. ಒಂದೇ ಒಂದು ಷರತ್ತಿತ್ತು: ನೀವು ನಿಮ್ಮದನ್ನು ಮುಚ್ಚಿದರೆ ಇನ್ನೊಬ್ಬರದೂ ನಿಮಗೆ ಕಾಣುವುದಿಲ್ಲ. ಪರವಾಗಿಲ್ಲ, ಯಾರು ಯಾವಾಗ ಎದ್ದರೆ ನನಗೇನು ಎಂದುಕೊಂಡೆ. ಆ ಸಂಜೆ ರೈಲಿನಲ್ಲಿ, ಬಹಳ ದಿನದ ಮೇಲೆ ಮುಸುಕು ಹೊದ್ದು ಮಲಗಿದ ಸುಖ.

ಇತಿಹಾಸದ ಮೇಷ್ಟರಿಗೆ ಏನು ಕಂಡರೂ ಅದರ ಅಜ್ಜನನ್ನು ಹುಡುಕುವ ಚಟ. 'ಖಾಸಗಿ' ಎಂಬ ಪದದ ಬೆನ್ನು ಹತ್ತಿದೆ. ಅದು ನಮ್ಮ ನೆಲದ್ದಲ್ಲ. ಖಾತೆ, ಜಮೀನು, ಅಮಲ್ದಾರರ ಜೊತೆ ಕಚೇರಿಯ ಬಾಗಿಲಿನಿಂದ ಒಳಗೆ ಬಂದದ್ದು. ನಮ್ಮದೇ ಆದ ಪದ 'ಗುಟ್ಟು'. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಖಾಸಗಿ ಎಂದರೆ ಯಾರಿಗೂ ಹೇಳದ್ದು. ಗುಟ್ಟು ಎಂದರೆ ಒಬ್ಬರಿಗೆ ಮಾತ್ರ ಹೇಳುವಂಥದ್ದು, ಆ ಒಬ್ಬರು ಇನ್ನೊಬ್ಬರಿಗೆ ಮಾತ್ರ.

ಮುಚ್ಚಿಡುವುದು ನಮ್ಮವರಿಗೆ ಗೊತ್ತಿರಲಿಲ್ಲ ಎಂದೇನೂ ಅಲ್ಲ. ಹಸು ಎಷ್ಟು ಹಾಲು ಕೊಡುತ್ತದೆಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಕಣ್ಣು ಬೀಳುತ್ತದೆ. ಹೊರಟು ನಿಂತವರನ್ನು 'ಎಲ್ಲಿಗೆ' ಎಂದು ಕೇಳಿದರೆ ಅಪಶಕುನ, ಹಾಗಾಗಿ "ದೂರ ಹೊರಟಂಗಿದೆ?" ಎಂದು ಬಳಸಿ ಕೇಳುತ್ತಾರೆ. ಹೊರಟವರು "ಇಲ್ಲೇ ಸ್ವಲ್ಪ" ಎಂದು ಹೇಳಿ ಹುಬ್ಬಳ್ಳಿಗೆ ಹೋಗುತ್ತಾರೆ. ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಆದರೆ ಬಾಗಿಲಿಗೆ ರಂಗೋಲಿ ಬೀಳದಿದ್ದರೆ ಮಾತ್ರ ಬೀದಿಯವರು ಬಂದು ಬಾಗಿಲು ಬಡಿಯುತ್ತಾರೆ. ಏನು ಮಾಡುತ್ತಿದ್ದೀರಿ ಎಂಬುದನ್ನು ಮುಚ್ಚಿಡಬಹುದು. ಇದ್ದೀರಿ ಎಂಬುದನ್ನು ಮುಚ್ಚಿಡುವ ಹಾಗಿಲ್ಲ.

ಇದು ನನಗೆ ಮೊದಲು ತಿಳಿದದ್ದು ಪಕ್ಕದ ಮನೆಯ ಮೆಹರುನ್ನಿಸಾ ಅವರಿಂದ. ಒಂದು ಬೆಳಿಗ್ಗೆ ತಲೆಯ ಮೇಲೆ ಸೆರಗೆಳೆದುಕೊಂಡು, ಮುಖ ಬಾಡಿಸಿಕೊಂಡು ಬಂದು, ಒಳಗೂ ಬಾರದೆ ಬಾಗಿಲಲ್ಲೇ ನಿಂತರು.

"ಯಾರಮ್ಮಾ ಹೋಗಿದ್ದು?" ಎಂದು ಮೆಲ್ಲಗೆ ಕೇಳಿದರು.

"ಎಲ್ಲಿಗೆ ಹೋಗಿದ್ದು?" ಎಂದೆ ನಾನು.

"ನಿಮ್ಮ ಡಿಪಿ ಕಾಣ್ತಿಲ್ಲ. ಫೋಟೊ ತೆಗ್ದಿದಾರೆ ಅಂದ್ರೆ ಮನೇಲಿ ಏನೋ ಆಗಿದೆ ಅಂತ ನಮ್ಮ ಮನೇಲೆಲ್ಲ ಒಂದೇ ಯೋಚ್ನೆ."

ಯಾರೂ ಹೋಗಿಲ್ಲ, ಎಲ್ಲರೂ ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದಾರೆ ಎಂದು ತೋರಿಸಿದ ಮೇಲೆ ಅವರಿಗೆ ಸಮಾಧಾನವಾಯಿತು. ಸ್ವಲ್ಪ ನಿರಾಸೆಯೂ ಆದಂತೆ ಕಂಡಿತು. ಪಾಪ, ದುಃಖ ಹಂಚಿಕೊಳ್ಳಲು ಕೆಲಸ ಬಿಟ್ಟು ಬಂದಿದ್ದರು. ಅವರಿಗೂ ಉಪ್ಪಿಟ್ಟು ಕೊಟ್ಟೆ. ನಾನು ನಕ್ಕು ಮರೆತೆ.

ನಗುವ ವಿಷಯವಲ್ಲದ್ದು ಅಜ್ಜಂಪುರದ ಹತ್ತಿರದ ಶಿವನಿಯಲ್ಲಿ ನಡೆಯುತ್ತಿತ್ತು. ಶಿವನಿಯಲ್ಲಿರುವುದು ಗಿರಿಜಕ್ಕ, ನಮ್ಮ ಯಜಮಾನರ ಒಬ್ಬಳೇ ಅಕ್ಕ. ಅವರ ಕಥೆ ಸ್ವಲ್ಪ ಹೇಳಬೇಕು. ನಮ್ಮ ಮಗಳ ಮದುವೆಯಲ್ಲಿ ಫೋಟೊದವನು ಊಟದ ಆತುರದಲ್ಲಿ ಎಲ್ಲರನ್ನೂ ವೇದಿಕೆಗೆ ಹತ್ತಿಸಿ ಗುಂಪು ಚಿತ್ರ ಹೊಡೆದುಬಿಟ್ಟ. ಗಿರಿಜಕ್ಕ ಆಗ ಕೋಸಂಬರಿ ಸಾಲುತ್ತದೋ ಇಲ್ಲವೋ ಎಂದು ಅಡುಗೆಮನೆಯಲ್ಲಿ ನೋಡುತ್ತಿದ್ದರು. ನಮ್ಮ ಮನೆಯ ಮದುವೆಗೆ ದುಡಿದು ದುಡಿದು ಚಿತ್ರದಿಂದಲೇ ಹೊರಗುಳಿದರು. ತಾಂಬೂಲ ತೆಗೆದುಕೊಳ್ಳದೆ ಹೊರಟವರು ಹಲವು ವರ್ಷ ಮಾತು ಬಿಟ್ಟರು. ನಮ್ಮ ಕಡೆ ಮಾತು ಬಿಡುವುದೆಂದರೆ ಜಗಳವಲ್ಲ. ಜಗಳವಾಡಲೂ ಮಾತು ಬೇಕಲ್ಲ. ಎದುರು ಸಿಕ್ಕರೆ ಸೆರಗು ಸರಿಮಾಡಿಕೊಂಡು ಆಕಾಶ ನೋಡುವುದು, ಅಷ್ಟೇ.

ಹೋದ ಸಂಕ್ರಾಂತಿಗೆ ಗಿರಿಜಕ್ಕನೇ ಒಂದು ಹೆಜ್ಜೆ ಮುಂದಿಟ್ಟರು. ಎಳ್ಳುಬೆಲ್ಲದ ಚಿತ್ರ ನನ್ನ ವಾಟ್ಸಾಪಿಗೆ ಬಂತು. ಮರುದಿನ ಬೆಳಿಗ್ಗೆ ಒಂದು ಗುಲಾಬಿ, ಕೆಳಗೆ 'ಶುಭೋದಯ'. ಅಂದಿನಿಂದ ಪ್ರತಿ ಬೆಳಿಗ್ಗೆಯೂ ಗುಲಾಬಿ. ಇಬ್ಬನಿ ಹೊತ್ತದ್ದು, ಚಹಾದ ಕಪ್ಪಿಗೆ ಒರಗಿದ್ದು, ಮಿಣಮಿಣ ಮಿಂಚುವುದು, ಒಮ್ಮೆ ನೀಲಿಯದೂ ಬಂತು. ನಾನು ಉತ್ತರ ಬರೆಯುತ್ತಿರಲಿಲ್ಲ. ಏನೆಂದು ಬರೆಯುವುದು? ಅಷ್ಟು ವರ್ಷ ನಿಂತ ಮಾತನ್ನು ಎಲ್ಲಿಂದ ಎತ್ತಿಕೊಳ್ಳಬೇಕೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ. ಅವರು ಗುಲಾಬಿ ಕಳಿಸುತ್ತಿದ್ದರು, ನಾನು ತೆರೆದು ನೋಡುತ್ತಿದ್ದೆ, ಅಲ್ಲಿ ಅವರಿಗೆ ಟಿಕ್ಕು ನೀಲಿಯಾಗುತ್ತಿತ್ತು. ನಮ್ಮಿಬ್ಬರ ರಾಜಿ ಆ ಎರಡು ನೀಲಿ ಗೀಟಿನ ಮೇಲೆ ನಿಂತಿತ್ತು ಎಂಬುದು ಆಗ ನನ್ನ ತಲೆಗೇ ಹೋಗಿರಲಿಲ್ಲ.

ನಾನು ಕಿಟಕಿ ಮುಚ್ಚಿದ ಸ್ವಲ್ಪ ದಿನಕ್ಕೆ ಗುಲಾಬಿಗಳು ನಿಂತವು. ನಿಜ ಹೇಳಬೇಕೆಂದರೆ ಮೊದಲು ಹಾಯೆನಿಸಿತು. ಫೋನಿನಲ್ಲಿ ಜಾಗ ಉಳಿಯುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಅಜ್ಜಂಪುರಕ್ಕೆ ಪೈಪು ಕೊಡಲು ಹೋಗಿದ್ದ ನಮ್ಮ ಯಜಮಾನರು ಸಂಜೆ ಬಂದವರೇ ಚಪ್ಪಲಿಯನ್ನೂ ಬಿಡದೆ ಕೇಳಿದರು.

"ನೀನು ಅಕ್ಕನ್ನ ಬ್ಲಾಕ್ ಮಾಡಿದೀಯಂತೆ?"

"ಇಲ್ವಲ್ರೀ! ಯಾರು ಹೇಳಿದ್ದು?"

"ಅಜ್ಜಂಪುರಕ್ಕೆಲ್ಲ ಗೊತ್ತು. ಪಲ್ಲವಿ ಮದ್ವೆ ಗೊತ್ತಾಗಿದೆ ಕಣೇ. ಲಗ್ನಪತ್ರಿಕೆ ಅಲ್ಲೆಲ್ಲ ಹಂಚಾಯ್ತು. ನಮ್ಮನೆಗೆ ಮಾತ್ರ ಬಂದಿಲ್ಲ."

ಪಲ್ಲವಿ ಗಿರಿಜಕ್ಕನ ಮಗಳು. ಅವಳಿಗೆ ಇವರು ಸೋದರಮಾವ. ನಮ್ಮಲ್ಲಿ ಹೆಣ್ಣನ್ನು ಕೈಹಿಡಿದು ಹಸೆಮಣೆಗೆ ಕರೆತರುವವನು ಸೋದರಮಾವನೇ. ಆ ಹುಡುಗಿ ಚಿಕ್ಕವಳಿದ್ದಾಗ ಇವರ ಹೆಗಲಿನಿಂದ ಕೆಳಗಿಳಿದದ್ದನ್ನು ನೋಡಿದವರು ಕಡಿಮೆ. ಮಾತು ಬಿಟ್ಟಿದ್ದ ವರ್ಷಗಳಲ್ಲೂ "ಪಲ್ಲವಿ ಮದ್ವೆ ಹೊತ್ತಿಗೆ ಎಲ್ಲಾ ಸರಿಹೋಗುತ್ತೆ ಬಿಡು" ಎಂದು ಆಗಾಗ ಹೇಳಿಕೊಳ್ಳುತ್ತಿದ್ದರು. ಆದರೆ ಅಕ್ಕ ಮನೆಗೆ ಬಂದು ಕುಂಕುಮವಿಟ್ಟು ಕರೆಯದೆ ಹೋಗುವ ಹಾಗಿಲ್ಲ. ಕರೆಯದ ಮದುವೆಗೆ ಸೋದರಮಾವನಾದರೂ ಅನ್ಯನೇ.

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೇಟಸ್ ಹಾಕುವುದನ್ನು ನಿಲ್ಲಿಸಿದರು. ಬೋಂಡವನ್ನು ಸುಮ್ಮನೆ ತಿಂದರು. ಹಿರೇನಲ್ಲೂರಿನ ಗಿರಾಕಿಗಳು ಫೋನು ಮಾಡಿ "ಸಾವ್ಕಾರ್ರಿಗೆ ಆರಾಮಿಲ್ವಾ?" ಎಂದು ಕೇಳತೊಡಗಿದರು. ನಾನು ಮುಚ್ಚಿಟ್ಟರೆ ಸಾವೆಂದುಕೊಂಡ ಊರು, ಅವರು ಸುಮ್ಮನಾದರೆ ಕಾಯಿಲೆ ಎಂದುಕೊಂಡಿತು. ನಿಜಕ್ಕೂ ಅದು ಕಾಯಿಲೆಯೇ. ಅವರು ಅಂಗಡಿಯ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿರುತ್ತಿದ್ದರು.

ರಜೆ ಹಾಕಿ ಶಿವನಿಯ ರೈಲು ಹತ್ತಿದೆ.

ಗಿರಿಜಕ್ಕ ಪಡಸಾಲೆಯಲ್ಲಿ ಕೂತು ಲಗ್ನಪತ್ರಿಕೆಗಳ ಮೂಲೆಗೆ ಅರಿಶಿನ ಹಚ್ಚುತ್ತಿದ್ದರು. "ಬಾ" ಎಂದರು, "ಬಾಮ್ಮ" ಎನ್ನಲಿಲ್ಲ. ನೀರು ಕೊಟ್ಟರು. ಮತ್ತೆ ಅರಿಶಿನ ಹಚ್ಚತೊಡಗಿದರು.

"ಅಕ್ಕಾ, ನಾನು ನಿಮ್ಮನ್ನ ಬ್ಲಾಕ್ ಮಾಡಿಲ್ಲ" ಎಂದೆ.

"ಮುಖ ಕಾಣಲ್ಲ. ಬಂದಿದ್ದು, ಹೋಗಿದ್ದು ಕಾಣಲ್ಲ. ಹೂವು ಕಳ್ಸಿದ್ರೆ ನೋಡ್ದೆ ಅನ್ನೋ ಗುರುತೂ ಇಲ್ಲ. ಇದಕ್ಕೆ ಮಾತು ಬಿಡೋದು ಅನ್ನದೆ ಇನ್ನೇನಂತಾರೆ, ಓದಿದೋಳು ನೀನೇ ಹೇಳು."

"ಅದು ನಿಮಗೆ ಅಂತ ಮಾಡಿದ್ದಲ್ಲ ಅಕ್ಕ. ಎಲ್ರಿಗೂ ಹಂಗೇ ಇಟ್ಟಿದೀನಿ."

ಇಷ್ಟು ಹೇಳಿದರೆ ಮುಗಿಯಿತು ಎಂದುಕೊಂಡಿದ್ದೆ. ರೈಲಿನಲ್ಲಿ ಇದನ್ನೇ ಉರು ಹೊಡೆದುಕೊಂಡು ಬಂದಿದ್ದೆ. ಗಿರಿಜಕ್ಕನ ಅರಿಶಿನದ ಬೆರಳು ಅಲ್ಲೇ ನಿಂತಿತು.

"ಎಲ್ರಿಗೂನಾ? ನನ್ನೊಬ್ಳನ್ನೇ ಬ್ಲಾಕ್ ಮಾಡಿದ್ರೆ, ಸಿಟ್ಟಿಗಾದ್ರೂ ನೆನಪಿದೀನಲ್ಲ ಅಂದ್ಕೋಬೋದಿತ್ತು. ಸೀರೆ ಮಾರೋನು, ಲೋನು ಬೇಕಾ ಅಂತ ಕೇಳೋನು, ನಾನು, ಎಲ್ರೂ ಒಂದೇ ಸಾಲೇನೇ ನಿಂಗೆ?"

ಆ ಚುರುಕು ಹುಡುಗಿಯ ಉಪನ್ಯಾಸದಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಲೋಕಕ್ಕೆ ಯಾಕೆ ಗೊತ್ತಾಗಬೇಕು ಎಂಬುದು ಸರಿಯಾದ ಪ್ರಶ್ನೆಯೇ. ಆದರೆ ಗಿರಿಜಕ್ಕ ಲೋಕವಲ್ಲ ಎಂಬುದನ್ನು ನಾನು ನೆನಪಿಟ್ಟುಕೊಳ್ಳಬೇಕಿತ್ತು. ಅವರ ಎದುರಿಗೇ ಫೋನು ತೆಗೆದು ಗೊತ್ತಿದ್ದವರಿಗೆಲ್ಲ ಕಿಟಕಿ ತೆರೆದೆ, ನೀಲಿ ಟಿಕ್ಕನ್ನೂ ಮತ್ತೆ ಹಾಕಿದೆ. ಅವರು ಕನ್ನಡಕ ಏರಿಸಿಕೊಂಡು ತಮ್ಮ ಫೋನನ್ನೇ ನೋಡುತ್ತ ಕೂತರು.

"ಬಂತು ಕಣೇ, ಮುಖ ಬಂತು!" ಎಂದರು. ಮತ್ತೆ ಚಿತ್ರವನ್ನು ದೊಡ್ಡದು ಮಾಡಿ ನೋಡಿ, "ಇದು ಯಾವ ಕಾಲದ್ದೇ? ಈಗೆಲ್ಲಿ ಇಷ್ಟು ತೆಳ್ಳಗಿದೀಯ?" ಎಂದರು.

ಗಿರಿಜಕ್ಕ ಹಂಗಿಸಿದರೆಂದರೆ ಮುನಿಸು ಇಳಿಯಿತು ಎಂದೇ ಅರ್ಥ. ಕಾಫಿ ಬಂತು, ಚಕ್ಕುಲಿ ಬಂತು. ಆಮೇಲೆ ಧ್ವನಿ ತಗ್ಗಿಸಿ, "ಅದೇನೋ ಮುಚ್ಚೋದು ಅಂದ್ಯಲ್ಲ, ನನ್ ಫೋನಿಗೂ ಹಾಕ್ಕೊಡ್ತೀಯಾ? ಎಲ್ರಿಗೂ ಬೇಡ. ನಮ್ಮ ಹೊಸ ಬೀಗಿತ್ತಿಗೆ ಮಾತ್ರ. ನಾನು ಎಷ್ಟೊತ್ತಿಗೆ ಎದ್ದೆ ಅಂತ ದಿನಾ ನೋಡ್ತಾಳೆ ಕಣೇ" ಎಂದರು. ಹಾಕಿಕೊಟ್ಟೆ.

ಹೊರಡುವಾಗ ನಾನೇ ಬಾಯಿಬಿಟ್ಟು ಲಗ್ನಪತ್ರಿಕೆ ಕೇಳಿದೆ. ಅವರು ತಲೆಯಾಡಿಸಿದರು. "ಇಲ್ಲಿ ಕೊಟ್ರೆ ಕರೆದಂಗಾಗಲ್ಲ. ನಡಿ, ನಾನೇ ಬತ್ತೀನಿ" ಎಂದು ಸೀರೆ ಬದಲಾಯಿಸಿ ನನ್ನ ಜೊತೆಯೇ ಹೊರಟುಬಿಟ್ಟರು. ಗಿರಿಜಕ್ಕ ರೈಲಿನಲ್ಲಿ ದಾರಿಯುದ್ದಕ್ಕೂ ಆ ಬೀಗಿತ್ತಿಯ ಸುದ್ದಿ ಹೇಳಿದರು. ಎದುರು ಸೀಟಿನವರೂ ಆಸಕ್ತಿಯಿಂದ ಕೇಳಿದರು.

ನಮ್ಮ ಯಜಮಾನರು ಸಂಜೆ ಅಂಗಡಿಯಿಂದ ಬಂದಾಗ ಗಿರಿಜಕ್ಕ ನಡುಮನೆಯಲ್ಲಿ ಕೂತಿದ್ದರು. ಇವರು ಹೊಸಿಲಲ್ಲೇ ನಿಂತರು. ಅಕ್ಕ ಎದ್ದು ಬಂದು ಹಣೆಗೆ ಕುಂಕುಮವಿಟ್ಟು, ಎಲೆಯಡಿಕೆಯ ಮೇಲೆ ಪತ್ರಿಕೆಯಿಟ್ಟು ಕೈಗೆ ಕೊಟ್ಟರು.

"ಲೇ, ಹಸೆಮಣೆಗೆ ಕರ್ಕೊಂಬರೋನು ನೀನು ಕಣೋ. ನೆಂಟರ ಥರ ಮುಹೂರ್ತಕ್ಕೆ ಬರ್ಬೇಡ, ಚಪ್ಪರಕ್ಕೇ ಬಂದ್ಬಿಡು."

ಇವರು ಜೇಬಿಗೆ ಕೈ ಹಾಕಿದರು. ಸರಿ, ಫೋಟೊ ತೆಗೆಯುತ್ತಾರೆ, ಇನ್ನರ್ಧ ಗಂಟೆಯಲ್ಲಿ ಕಡೂರು ತಾಲ್ಲೂಕಿಗೆಲ್ಲ ಗೊತ್ತಾಗುತ್ತದೆ ಎಂದುಕೊಂಡೆ. ಹೊರಬಂದದ್ದು ಕರವಸ್ತ್ರ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ಕಣ್ಣೊರೆಸಿಕೊಂಡರು.

ಆ ದಿನ ಅವರ ಸ್ಟೇಟಸ್ಸಿನಲ್ಲಿ ಏನೂ ಬರಲಿಲ್ಲ. ಇದನ್ನು ನಿಮಗೆ ಹೇಳಲು ಧೈರ್ಯ ಬಂದದ್ದು, ಅವರು ಪ್ರಬಂಧ ಓದುವವರಲ್ಲ ಎಂಬ ನಂಬಿಕೆಯಿಂದ. ಕಡೂರಿಗೆ ಬಂದು ಅವರ ಅಂಗಡಿ ಹೊಕ್ಕರೆ ಪೈಪಿನ ರೇಟು ಕೇಳಿ, ಎಮ್ಮೆದೊಡ್ಡಿಯ ದನಗಳ ವಿಷಯ ಕೇಳಿ, ಬೇಡವೆಂದರೂ ವಿಡಿಯೋ ತೋರಿಸುತ್ತಾರೆ. ಕರವಸ್ತ್ರದ ಸುದ್ದಿ ಮಾತ್ರ ಎತ್ತಬೇಡಿ. ಅದು ನಮ್ಮ ಮನೆಯವರಿಗೆ ಮಾತ್ರ, ಇಷ್ಟು ದೂರ ಓದಿಕೊಂಡು ಬಂದ ನಿಮ್ಮನ್ನೂ ಸೇರಿಸಿ.