ನಾನು ಮಾಯ ಮಾಡದ ಉಂಗುರ

ನಮ್ಮ ಮನೆಯಲ್ಲಿ ಕತ್ತರಿ ಕಾಣದಿದ್ದರೆ ಯಾರೂ ಹುಡುಕುವುದಿಲ್ಲ, ನನ್ನನ್ನು ಕರೆಯುತ್ತಾರೆ. ಬೆಂಕಿಪೊಟ್ಟಣ, ಮೊಬೈಲಿನ ಚಾರ್ಜರು, ಹೆಂಡತಿಯ ಕನ್ನಡಕ, ಒಮ್ಮೆ ಮಾಳಿಗೆಯ ಮೇಲೆ ಒಣಹಾಕಿದ್ದ ಹಪ್ಪಳ, ಹೀಗೆ ಹಾನಗಲ್ಲಿನ ಈ ಪುಟ್ಟ ಮನೆಯಲ್ಲಿ ಕಣ್ಣಿಗೆ ಬೀಳದ ವಸ್ತುಗಳೆಲ್ಲ ನನ್ನ ಖಾತೆಗೇ ಜಮೆ. "ಎಲ್ಲಿ ಇಟ್ಟೀರಿ? ಸುಮ್ನ ತಗೀರಿ ಹೊರಗ," ಎಂದು ಹೆಂಡತಿ ಶಾಂತವ್ವ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. ನಾನು ಜಾದೂಗಾರನಲ್ಲವೇ! ಆದರೆ ಗೆಳೆಯರೇ, ನಿಜ ಹೇಳುತ್ತೇನೆ, ನನ್ನಂಥ ಮರೆಗುಳಿ ಈ ಸೀಮೆಯಲ್ಲೇ ಇಲ್ಲ. ಸಂತೆಯ ನೂರು ಕಣ್ಣುಗಳ ಎದುರಿಗೆ ನಾಣ್ಯವನ್ನು ಕಾಣದಂತೆ ಮಾಡುವ ಈ ಮಹಾಶಯನಿಗೆ ತನ್ನ ಚಪ್ಪಲಿಯನ್ನು ಯಾವ ಗುಡಿಯ ಮುಂದೆ ಬಿಟ್ಟೆನೆಂಬುದು ಮನೆ ಮುಟ್ಟಿದ ಮೇಲೂ ನೆನಪಾಗುವುದಿಲ್ಲ.

ಶಿಗ್ಗಾವಿಯಲ್ಲಿ ಬ್ಯಾನರು ಅಚ್ಚು ಹಾಕುವ ಪುಣ್ಯಾತ್ಮನೊಬ್ಬ ನನ್ನ ಚಿತ್ರದ ಕೆಳಗೆ 'ಅಂತರರಾಷ್ಟ್ರೀಯ ಜಾದೂಗಾರ' ಎಂದು ತಾನಾಗಿಯೇ ಸೇರಿಸಿಬಿಟ್ಟ. ನಾನು ತಿದ್ದಲಿಲ್ಲ. ನನ್ನ ರಾಷ್ಟ್ರಗಳೆಂದರೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು. ಈ ನಾಲ್ಕರ ನಡುವಿನ ಗಡಿಗಳನ್ನು ಕೆಂಪು ಬಸ್ಸಿನಲ್ಲಿ ಪೆಟ್ಟಿಗೆ ಸಮೇತ ದಾಟುವುದೇ ನನ್ನ ವಿದೇಶ ಪ್ರವಾಸ. ಸವಣೂರಿನ ಉರುಸಿನಲ್ಲಿ, ತಡಸದ ಗಣಪತಿ ಪೆಂಡಾಲಿನಲ್ಲಿ, ಹಿರೇಬೆಂಡಿಗೇರಿಯ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ, ಯಾರದೋ ಹೊಸ ಮೊಬೈಲ್ ಅಂಗಡಿಯ ಬಾಗಿಲಲ್ಲಿ ನನ್ನ ಆಟ ನಡೆಯುತ್ತದೆ. ಟೊಪ್ಪಿಗೆಯಿಂದ ಮೊಲ ತೆಗೆಯಬೇಕೆಂಬುದು ನನ್ನ ಬಹುಕಾಲದ ಕನಸು. ಮನೆಯಲ್ಲಿ ಮೊಲ ಸಾಕಲು ಶಾಂತವ್ವ ಒಪ್ಪದ ಕಾರಣ ಕುರುಕಲು ತಿಂಡಿಯಾದ ಸವಣೂರು ಖಾರದ ಪೊಟ್ಟಣ ತೆಗೆದು ಹಂಚುತ್ತೇನೆ. ಮೊಲಕ್ಕೆ ಇಷ್ಟು ಚಪ್ಪಾಳೆ ಬೀಳುತ್ತಿರಲಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ನಮ್ಮ ವಿದ್ಯೆಗೆ ಹಿರಿಯರು ಕಣ್ಕಟ್ಟು ಎಂದು ಹೆಸರಿಟ್ಟರು. ಎಂಥ ಚೆಂದದ ಮಾತು, ಮತ್ತು ಎಂಥ ತಪ್ಪು ಮಾತು! ನಾವು ಯಾರ ಕಣ್ಣನ್ನೂ ಕಟ್ಟುವುದಿಲ್ಲ. ಅವು ಧಾರಾಳವಾಗಿ ತೆರೆದೇ ಇರಲಿ, ಆದರೆ ನಮ್ಮ ಮುಖದ ಮೇಲಿರಲಿ ಎಂದಷ್ಟೇ ಬೇಡಿಕೊಳ್ಳುತ್ತೇವೆ. ಅದಕ್ಕಾಗಿಯೇ ಜಾದೂಗಾರ ಎಡೆಬಿಡದೆ ಮಾತನಾಡುತ್ತಾನೆ. ಬಾಯಿ ಮುಂದೆ ನಿಂತು ಗದ್ದಲ ಮಾಡುವಾಗ ಕೈ ಹಿಂದಿನ ಬಾಗಿಲಿನಿಂದ ತನ್ನ ಕೆಲಸ ಮುಗಿಸಿಕೊಳ್ಳುತ್ತದೆ. ಇದರಿಂದ ಆದ ನಷ್ಟವೆಂದರೆ ನನ್ನ ಬಾಯಿಯ ಮಾತಿಗೆ ಊರಿನಲ್ಲಿ ಬೆಲೆಯೇ ಇಲ್ಲದಂತಾದದ್ದು. ತಲೆನೋವೆಂದರೆ ನಗುತ್ತಾರೆ. "ಟಿಕೆಟ್ ಮಾಯ ಮಾಡಿಬಿಟ್ಟೀರಿ ಮತ್ತ, ಮುಂದ ಚೆಕಿಂಗ್ ಐತಿ," ಎಂದು ಬಸ್ಸಿನ ಕಂಡಕ್ಟರು ಎಲ್ಲರೆದುರಿಗೆ ಚೇಷ್ಟೆ ಮಾಡುತ್ತಾನೆ. ನಾನು ಹಲ್ಲು ಕಿರಿಯುತ್ತೇನೆ. ಹೊಟ್ಟೆಪಾಡಿನ ಒಂದು ಭಾಗವೆಂದು ಅದನ್ನೂ ನುಂಗಿಕೊಂಡು ಬಂದವನು ನಾನು, ಮಗಳ ನಿಶ್ಚಯದ ದಿನದವರೆಗೆ.

ಮಗಳು ಸವಿತಾ ಇಲ್ಲಿನ ಒಂದು ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದಳು. ಹಿರೇಕೆರೂರಿನ ಮಂಜುನಾಥ ಎಂಬ ಹುಡುಗ ಹಾನಗಲ್ಲಿನ ತನ್ನ ಅಕ್ಕನ ಮನೆಗೆ ಬಂದಾಗ ಜ್ವರ ಹಿಡಿದು ಅಲ್ಲಿಗೆ ಹೋದನಂತೆ. ಸೂಜಿ ಕಂಡರೆ ಎದೆ ನಡುಗುವವನಿಗೆ, ಇವಳ ಮಾತು ಕೇಳುತ್ತ ಕುಳಿತಾಗ ಸೂಜಿ ಒಳಗೆ ಹೋದದ್ದೂ ಹೊರಗೆ ಬಂದದ್ದೂ ತಿಳಿಯಲೇ ಇಲ್ಲವಂತೆ. ಜ್ವರ ಬಿಟ್ಟ ಮೇಲೂ ಅವನು ರಕ್ತ ಕೊಡಲು ಬರತೊಡಗಿದಾಗ ಲ್ಯಾಬಿನವರಿಗೆ ರೋಗ ಯಾವುದೆಂದು ಗೊತ್ತಾಯಿತು. ಹುಡುಗ ಒಳ್ಳೆಯವನು, ಬೀಜ-ಗೊಬ್ಬರದ ಅಂಗಡಿ ನಡೆಸುವವನು. ಮಗಳಿಗೂ ಮನಸ್ಸಿತ್ತು. ಅಡ್ಡವಾಗಿ ಕುಳಿತವರು ಅವನ ಚಿಕ್ಕಪ್ಪ, ಕಾಕಾ ಚನ್ನಬಸಪ್ಪನವರು. ತಂದೆಯಿಲ್ಲದ ಹುಡುಗನನ್ನು ಎತ್ತಿ ಬೆಳೆಸಿದವರು ಅವರೇ ಆದ್ದರಿಂದ ಆ ಮನೆಯಲ್ಲಿ ಅವರ ಮಾತೇ ಕೊನೆಯ ಮಾತು.

ಮೊದಲ ಸಲ ನಮ್ಮ ಮನೆಗೆ ಬಂದ ದಿನವೇ ಅವರು ಚಹಾದ ಬಟ್ಟಲು ಕೆಳಗಿಟ್ಟು ಮುಚ್ಚುಮರೆಯಿಲ್ಲದೆ ಹೇಳಿದರು: "ಹುಡುಗಿ ಚೊಲೊ ಅದಾಳ್ರಿ. ಆದ್ರ ನಿಮ್ಮ ಧಂದೆ ನನಗ ತಿಳೀವಲ್ದು. ಇದ್ದದ್ದು ಇಲ್ಲ ಅಂತೀರಿ, ಇಲ್ಲದ್ದು ಐತಿ ಅಂತೀರಿ. ಇಂಥಾ ಮನಿತನದ ಮಾತು ಹೆಂಗ ನಂಬೂದ್ರಿ?"

ಕಬ್ಬಿಣದ ಬೀಗವನ್ನು ಕಣ್ಣುಮುಚ್ಚಿ ತೆಗೆದು ಸಂತೆಯಲ್ಲಿ ಚಪ್ಪಾಳೆ ಗಿಟ್ಟಿಸುವ ನನಗೆ ಈ ಬೀಗರನ್ನು ತೆರೆಯುವ ಕೀಲಿ ಯಾವುದೆಂದು ಹೊಳೆಯಲಿಲ್ಲ. ಕೊನೆಗೆ ಕೀಲಿಯನ್ನು ಅವರೇ ಕೊಟ್ಟರು. "ನಿಶ್ಚಯದ ದಿನ ನಿಮ್ಮ ಕೈಲೆ ಒಂದೂ ಆಟ ಆಗಬಾರ್ದು. ಅಷ್ಟು ಮಾತು ಕೊಡ್ರಿ, ಅದನ್ನ ನಡಸ್ರಿ. ಮುಂದಿಂದು ನೋಡೂಣಂತ."

ಕೊಟ್ಟೆ. ಮಾತು ಕೊಡುವುದು ಸುಲಭವೆಂದುಕೊಂಡಿದ್ದೆ. ಆದರೆ ಗುಟ್ಟಿನ ಜೇಬಿಲ್ಲದ ಅಂಗಿ ಹುಡುಕಿದರೆ ಮನೆಯಲ್ಲಿ ಅಂಥದು ಒಂದೂ ಇರಲಿಲ್ಲ, ಹೊಸದೊಂದನ್ನು ಹೊಲಿಸಬೇಕಾಯಿತು. ಆ ದಿನ ಅದನ್ನು ತೊಟ್ಟು, ತೋಳು ಮಡಿಸಿಕೊಂಡು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ಜಮಖಾನದ ಮೇಲೆ ಕುಳಿತಾಗ ನನಗೆ ಬತ್ತಲೆ ಕುಳಿತಂತೆ ಭಾಸವಾಯಿತು. ಪಡಸಾಲೆ ತುಂಬ ಎರಡೂ ಕಡೆಯ ಬಂಧುಗಳು. ನಡುವೆ ತಾಟಿನಲ್ಲಿ ಅಕ್ಕಿ, ಅಡಿಕೆ, ಅರಿಶಿನ ಕುಂಕುಮ, ಆಗತಾನೆ ತೊಳೆದಿಟ್ಟ ಸವಣೂರಿನ ವೀಳ್ಯದೆಲೆಯ ಕಟ್ಟು, ಆ ಎಲೆಗಳ ಮೇಲೆ ನಾವು ಹುಡುಗನಿಗೆ ತೊಡಿಸಬೇಕಿದ್ದ ಉಂಗುರ. ಹಿರಿಯರೆಲ್ಲ ಅಕ್ಷತೆ ಹಾಕಿ ಹರಸಲೆಂದು ತಾಟು ಕೈಯಿಂದ ಕೈಗೆ ಸಾಗಿ, ಪಡಸಾಲೆಯನ್ನೊಮ್ಮೆ ಸುತ್ತಿ, ನನ್ನ ಮುಂದೆ ಬಂದು ನಿಂತಿತು. ಅದರಲ್ಲಿ ಉಂಗುರವಿರಲಿಲ್ಲ.

ಅಕ್ಕಿ ಕೆದಕಿದೆ. ಅಡಿಕೆ ಸರಿಸಿದೆ. ಮೇಲಿನ ಎಲೆಯೊಂದನ್ನು ಎತ್ತಿ ನೋಡಿದೆ. ತಾಟಿನ ಅಡಿಯಲ್ಲೂ ಇಣುಕಿದೆ. ಆಮೇಲೆ ತಲೆಯೆತ್ತಿ ಹೇಳಿದೆ: "ಉಂಗುರ ಇಲ್ರಿ."

ಮರುಕ್ಷಣ ಪಡಸಾಲೆಗೆ ಪಡಸಾಲೆಯೇ ಹೋ ಎಂದು ನಕ್ಕಿತು. "ಶುರು ಆತು ನೋಡ್ರಿ!" ಎಂದು ಯಾರೋ ಕೂಗಿದರು. ನನ್ನ ಸ್ವಂತ ಭಾವಮೈದುನ ಮೊಬೈಲು ತೆಗೆದು ವಿಡಿಯೊ ಹಿಡಿಯಲು ಮೊಣಕಾಲೂರಿ ಕುಳಿತ. "ಖರೇನ ಇಲ್ರೀ! ಆಣಿ ಮಾಡಿ ಹೇಳ್ತೇನಿ, ನಾ ಏನೂ ಮಾಡಿಲ್ಲ!" ಎಂದೆ. ಚಪ್ಪಾಳೆ! "ಹಿಂಗ ಅಳೂ ಮಾರಿ ಮಾಡೂದ ಇವರ ಸ್ಪೆಶಲ್ ನೋಡ್ರಿ," ಎಂದು ನಮ್ಮ ಕಡೆಯ ಹಿರಿಯರೊಬ್ಬರು ಬೀಗರಿಗೆ ಹೆಮ್ಮೆಯಿಂದ ವಿವರಿಸಿದರು. ಇಷ್ಟು ವರ್ಷ ಸುಳ್ಳು ಹೇಳಿ ಚಪ್ಪಾಳೆ ಪಡೆದವನು, ಈಗ ನಿಜ ಹೇಳಿ ಅದಕ್ಕಿಂತ ದೊಡ್ಡ ಚಪ್ಪಾಳೆ ಪಡೆದೆ. ಶಾಂತವ್ವ ಕೂಡ ಒಳಬಾಗಿಲಲ್ಲಿ ನಿಂತು, ಈ ಮುದುಕ ಇವತ್ತಾದರೂ ಸುಮ್ಮನಿರಬಾರದೇ ಎಂಬಂತೆ ಹಣೆ ಚಚ್ಚಿಕೊಂಡಳು.

ನಗದೆ ಕುಳಿತವರು ಕಾಕಾ ಒಬ್ಬರೇ. "ಬೀಗರ, ಮಾತು ಕೊಟ್ಟಿದ್ರಿ," ಎಂದರು, ಮೆಲ್ಲಗೆ.

ನನ್ನ ಪಾಡನ್ನು ನೀವೇ ಯೋಚಿಸಿ. ಇದು ಆಟವೆಂದರೆ ಕೊಟ್ಟ ಮಾತಿಗೆ ತಪ್ಪಿದವನಾಗುತ್ತೇನೆ. ಆಟವಲ್ಲವೆಂದು ನಂಬಿಸಿದೆನೋ, ಉಂಗುರ ಕದ್ದವರು ಯಾರೆಂದು ಬೀಗರ ಮುಂದೆ ಬಂಧುಗಳ ಕಿಸೆ ತಡಕಬೇಕಾಗುತ್ತದೆ. ನಿಶ್ಚಯದ ಉಂಗುರವೇ ಕಳೆದುಹೋದ ಸಂಬಂಧವನ್ನು ಯಾರು ಮುಂದುವರಿಸುತ್ತಾರೆ? ಯಾವ ಕಡೆ ಹೊರಳಿದರೂ ಹೋಗುವುದು ಮಗಳ ಬಾಳು. ಬಾಯಿ ಕಟ್ಟಿತು. ಹುಟ್ಟಿದಾಗಿನಿಂದ ಮಾತನಾಡುತ್ತಲೇ ಬಂದವನಿಗೆ ಒಂದಕ್ಷರ ಹೊರಡಲಿಲ್ಲ.

ಮದುವಣಗಿತ್ತಿ ತಲೆ ತಗ್ಗಿಸಿ ನನ್ನ ಪಕ್ಕದಲ್ಲಿ ಕುಳಿತಿದ್ದಳಲ್ಲ, ಆಕೆ ತಲೆಯೆತ್ತದೆಯೇ ತಾಟಿನಿಂದ ಒಂದಿಷ್ಟು ಎಲೆ ತೆಗೆದು, "ಅಪ್ಪಾ, ಸುಮ್ನ ಯಾಕ ಕುಂತಿ? ಮೊದಲ ಕಾಕಾರಿಗೆ ಎಲಿ ಅಡಿಕಿ ಕೊಡು," ಎಂದು ನನ್ನ ಕೈಗಿಟ್ಟಳು. ಎಲೆ ತಣ್ಣಗಿತ್ತು. ಎಲೆಯ ಅಡಿಯಲ್ಲಿ, ನನ್ನ ಅಂಗೈಯ ನಡುವೆ, ಎಲೆಗಿಂತ ತಣ್ಣಗೆ ಏನೋ ದುಂಡಗೆ ಕುಳಿತಿತ್ತು. ನನಗೆ ಅರ್ಥವಾಗುವ ಮೊದಲೇ ನನ್ನ ಬೆರಳುಗಳಿಗೆ ಅರ್ಥವಾಗಿ ಅವು ಮಡಚಿಕೊಂಡವು. ಬೆರಳು ಮಡಚಿದ್ದೇ ತಡ, ಬಾಯಿ ಬಿಚ್ಚಿತು. ಏನೇನು ಹರಟಿದೆನೋ ನೆನಪಿಲ್ಲ. ಎಲೆ ಕೊಡುವ ನೆಪದಲ್ಲಿ ಕಾಕಾರ ಬಳಿ ಬಾಗಿ ಅವರ ಬಿಳಿ ಟೊಪ್ಪಿಗೆಯ ಮಡಿಕೆಯಿಂದ ಉಂಗುರವನ್ನು ಹೊರತೆಗೆದೆ. ಪಡಸಾಲೆ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಕಾಕಾ ಉಂಗುರ ನೋಡಿದರು, ನನ್ನನ್ನು ನೋಡಿದರು, ತಲೆ ತಗ್ಗಿಸಿ ಕುಳಿತ ಸವಿತಾಳನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಹಾಕ್ರಿ, ಹಾಕ್ರಿ, ಹೊತ್ತಾತು," ಎಂದರು. ಹುಡುಗನ ಬೆರಳಿಗೆ ಉಂಗುರ ತೊಡಿಸಿದೆ.

ಊಟ ಮುಗಿಸಿ ಬೀಗರು ಗಾಡಿ ಹತ್ತುವಾಗ ಕಾಕಾ ನನ್ನ ರಟ್ಟೆ ಹಿಡಿದು ಗಿಡದ ನೆರಳಿಗೆ ಕರೆದೊಯ್ದರು. ಸಂಬಂಧ ಬೇಡವೆನ್ನಲು ಕರೆದಿರಬೇಕೆಂದುಕೊಂಡೆ.

"ನಿಮ್ಮ ಮ್ಯಾಲ ನನಗ ನಂಬಿಕಿ ಇರ್ಲಿಲ್ರಿ," ಎಂದರು. "ಅದಕ್ಕ ಮಂದಿ ಎಲ್ಲಾ ನಿಮ್ಮ ಮಾರಿ ನೋಡಾಕತ್ತಿದ್ರ, ನಾ ನಿಮ್ಮ ಕೈನ ನೋಡ್ಕೋತ ಕುಂತಿದ್ದೆ. ನಿಮ್ಮ ಕೈ ಖಾಲಿ ಇತ್ತು. ಹುಡುಗಿ ಎಲಿ ಕೊಡೂಮುಂದ ಕಂಡೆ."

ನಾನು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ನೀವು ಮಾತು ತಪ್ಪಿಲ್ಲ ಬಿಡ್ರಿ. ಆಟ ಆಡಿದಾಕಿ ಆಕಿ. ಅಪ್ಪನ ಮಾನ ಹೋಗಬಾರ್ದಂತ ಆಡ್ಯಾಳ. ಇಂಥಾಕಿ ನಮ್ಮ ಮನೀಗೆ ಬೇಕ್ರಿ." ಎರಡು ಹೆಜ್ಜೆ ಹೋದವರು ತಿರುಗಿ ನಿಂತು ಟೊಪ್ಪಿಗೆ ಸರಿಪಡಿಸಿಕೊಂಡರು. "ಇದಕ್ಕ ಕೈ ಹಾಕಿದ್ದಷ್ಟ ಚೊಲೊ ಆಗ್ಲಿಲ್ಲ ನೋಡ್ರಿ."

ಗಾಡಿ ಹಿರೇಕೆರೂರಿನ ದಾರಿ ಹಿಡಿದ ಮೇಲೆ ನಾನು ಆ ಗಿಡದ ಕೆಳಗೇ ನಿಂತು ಅತ್ತೆ, ಸುಳ್ಳೇನು. ನನ್ನ ಜಾದೂವನ್ನು ನಂಬಿದವರೆಲ್ಲ ಮೋಸಹೋದ ಆ ದಿನ, ನಂಬದ ಒಬ್ಬನೇ ಒಬ್ಬ ಮನುಷ್ಯ ನಿಜವನ್ನು ಕಂಡಿದ್ದ. ಒಳಗೆ ಬಂದರೆ ಸವಿತಾ ತಾಟು ಎತ್ತಿಡುತ್ತಿದ್ದಳು. ಒದ್ದೆ ಎಲೆಗಳ ಸಂದಿಗೆ ಉಂಗುರ ಜಾರಿ ಅಂಟಿಕೊಂಡಿತ್ತಂತೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದಾಗ ತಲೆ ತಗ್ಗಿಸಿದ ಅವಳಿಗಷ್ಟೇ ಅದರ ಅಂಚು ಕಂಡಿತಂತೆ. "ಯಾರರೆ ನೋಡಿದ್ರೇನಪಾ?" ಎಂದು ದನಿ ತಗ್ಗಿಸಿ ಕೇಳಿದಳು. ಆ ಮುಖದಲ್ಲಿ, ಮೊದಲ ಆಟ ಗೆದ್ದವರಿಗೆ ಮಾತ್ರ ಬರುವ ಕಳೆಯಿತ್ತು.

"ಯಾರೂ ನೋಡಿಲ್ಲ ಬಿಡವ್ವಾ," ಎಂದೆ.

ಮದುವೆಯಾಗಿ ಅವಳು ಆ ಮನೆ ಸೇರಿದ ಮೇಲೂ ಕಾಕಾ ಬಾಯಿ ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ. ಹಬ್ಬಕ್ಕೆಂದು ಹೋದಾಗ ಆಕೆ ನಮ್ಮಿಬ್ಬರಿಗೂ ಚಹಾ ತಂದಿಟ್ಟು ಒಳಗೆ ಹೋಗುವವರೆಗೆ ನಾವು ಇಬ್ಬರು ಮುದುಕರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಎಲ್ಲಿ ನಕ್ಕುಬಿಡುತ್ತೇವೋ ಎಂಬ ಹೆದರಿಕೆ. ನಿಮಗೆ ಹೇಳಿದ್ದೇನೆ, ಗೆಳೆಯರೆಂದು. ಹಿರೇಕೆರೂರಿನ ಕಡೆ ಹೋದರೆ, ಬೀಜ-ಗೊಬ್ಬರದ ಅಂಗಡಿಯಲ್ಲಿ ಆಕೆ ಕುಳಿತಿದ್ದರೆ, ದಯವಿಟ್ಟು ನೀವೂ ಏನೂ ಕಂಡಿಲ್ಲದವರಂತೆ ಬಂದುಬಿಡಿ.