ಎಡಗಿವಿಯ ವರ್ಷ

ಕಳೆದ ಶ್ರಾವಣದ ಒಂದು ಬೆಳಿಗ್ಗೆ ಎದ್ದಾಗ ನನ್ನ ಎಡಗಿವಿಯಲ್ಲಿ ಕುಕ್ಕರಿನ ಸೀಟಿ ಕೂಗುತ್ತಿತ್ತು. ಅಡುಗೆಮನೆಗೆ ಹೋಗಿ ನೋಡಿದೆ. ಒಲೆಯನ್ನೇ ಹಚ್ಚಿರಲಿಲ್ಲ.

ನೀರು ಹೊಕ್ಕಿರಬೇಕು ಅಂದುಕೊಂಡೆ. ಹೆಂಡತಿ ಕಾಶಿಬಾಯಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು. ಸೀಟಿ ನಿಲ್ಲಲಿಲ್ಲ. ದವಾಖಾನೆಗೆ ಹೋಗೋಣ ಎಂದಳು. ಕಿವಿಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ರೇಗಿದೆ.

ಆ ಸೊಕ್ಕಿಗೆ ಕಾರಣವಿತ್ತು. ಮ್ಯಾಟ್ರಿಕ್ ಮುಗಿಸಿದ ಮೇಲೆ ದುಡಿಯುವ ವಯಸ್ಸನ್ನೆಲ್ಲ ನಮ್ಮ ಮರಾಠಿ ಸೀಮೆಯ ಉಮರ್ಗಾದ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿಯಲ್ಲಿ ಕಳೆದವನು ನಾನು. ಗಿರಾಕಿ ಗುಂಡಿ ತಿರುಗಿಸುತ್ತಿದ್ದಂತೆ ಒಳಗೆ ಏನು ಸತ್ತಿದೆ ಎಂದು ಹೇಳುತ್ತಿದ್ದೆ. ಹಾಡಲು ನನಗೆ ಬರುವುದಿಲ್ಲ. ಕೇಳಲು ಬರುತ್ತದೆ. ನಮ್ಮೂರು ತುರೋರಿಯಲ್ಲಿ ಬೀರಪ್ಪನ ಗುಡಿಯ ಸೋಮವಾರದ ಭಜನೆಯಲ್ಲಿ ಹಾರ್ಮೋನಿಯಂ ಪೇಟಿಯ ಮಗ್ಗುಲಲ್ಲೇ ನನ್ನ ಜಾಗ. ತೊಂಬತ್ತಮೂರರ ಭೂಕಂಪವಾದ ಮೇಲೆ ಮನೆಯೊಳಗೆ ಕಾಲಿಡಲು ಹೆದರಿ ಓಣಿಯವರೆಲ್ಲ ಗುಡಿಯ ಮುಂದಿನ ಬಯಲಿನಲ್ಲಿ ಕೂರುತ್ತಿದ್ದಾಗ, ಕಾಶಿಬಾಯಿಯ ತಂದೆ ತಮ್ಮ ಪೇಟಿ ತಂದು ಶುರು ಮಾಡಿದ ಭಜನೆ ಅದು. ಅವರು ತೀರಿಕೊಂಡ ಮೇಲೆ ಅದೇ ಪೇಟಿಯನ್ನು ಅವರ ಮಗ, ಕಾಶಿಬಾಯಿಯ ತಮ್ಮ ಮಲ್ಲಪ್ಪ ಬಾರಿಸುತ್ತಾನೆ. ಹಗಲೆಲ್ಲ ಕುರಿಗಳ ಹಿಂದೆ ಇರುವವನು.

ಸೀಟಿ ಶುರುವಾದ ಮೇಲಿನ ಮೊದಲ ಸೋಮವಾರ ಪೇಟಿ ಒಡೆದು ಕೇಳಿಸಿತು. ಒಂದು ಸ್ವರ ಒತ್ತಿದರೆ ಎರಡು. ಎರಡು ರೇಡಿಯೋ ಕೇಂದ್ರಗಳು ಒಂದರ ಮೇಲೊಂದು ಬಿದ್ದ ಹಾಗೆ. ಭಜನೆಯನ್ನು ನಡುವೆಯೇ ನಿಲ್ಲಿಸಿದೆ.

"ಮಲ್ಲಪ್ಪ, ನಿನ್ನ ಪೇಟಿ ಕೆಟ್ಟದ."

"ನನಗೇನು ಹಂಗ ಕೇಳಸಲ್ದರಿ ಮಾವಾ."

"ಕುರಿ ಕಾಯೋ ಕಿವಿಗಿ ಏನ್ ಕೇಳಸ್ತದ?"

ತಾಳದವನು ತಾಳ ಕೆಳಗಿಟ್ಟ. ಮಲ್ಲಪ್ಪ ತಲೆ ಬಗ್ಗಿಸಿ ಮುಂದಿನ ಪದ ಎತ್ತಿಕೊಂಡ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು.

ಬಿಡಲಿಲ್ಲ. ಸದ್ದು ಕೆಟ್ಟರೆ ಡಬ್ಬಿ ಬಿಚ್ಚಬೇಕು, ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಮರುದಿನ ಮಲ್ಲಪ್ಪ ಕುರಿ ಹೊಡೆದುಕೊಂಡು ಹೋದ ಮೇಲೆ ಗುಡಿಯಿಂದ ಪೇಟಿಯನ್ನು ಮನೆಗೆ ತಂದು ಬಿಚ್ಚಿದೆ. ಒಳಗೆ ಸ್ವರ ಹೊರಡಿಸುವ ಹಿತ್ತಾಳೆ ರೀಡುಗಳನ್ನು ಸಣ್ಣ ಅರದಿಂದ ಉಜ್ಜಿದೆ. ಒಂದು ಸರಿಯಾಯಿತು ಅನ್ನಿಸಿದರೆ ಅದರ ಪಕ್ಕದ್ದು ಕೆಡುತ್ತಿತ್ತು. ಅದನ್ನೂ ಉಜ್ಜಿದೆ. ಕಿವಿಯೊಳಗಿನ ಸೀಟಿಗೆ ಬೈಯುತ್ತಲೇ ಉಜ್ಜಿದೆ.

ಮುಂದಿನ ಸೋಮವಾರ, ನಾನು ಗುಡಿಗೆ ತಂದಿಟ್ಟ ಪೇಟಿಯ ಮೇಲೆ ಮಲ್ಲಪ್ಪ ಬೆರಳಾಡಿಸಿದ. ಮತ್ತೊಮ್ಮೆ ಆಡಿಸಿದ. ಗಾಳಿ ಊದುವ ಭಾತೆ ಮುಚ್ಚಿ ಎದ್ದು ಹೋದ.

ಭಜನೆ ನಿಂತಿತು.

ಕಾಶಿಬಾಯಿ ನನ್ನನ್ನು ಎಳೆದುಕೊಂಡೇ ಉಮರ್ಗಾದ ಇ.ಎನ್.ಟಿ. ಡಾಕ್ಟರ ಹತ್ತಿರ ಹೋದಳು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಡಿಯೋಗ್ರಾಮ್ ಮಾಡಿಸಿದರು. ಆಮೇಲೆ ಒಂದು ಟ್ಯೂನಿಂಗ್ ಫೋರ್ಕ್ ಬಡಿದು ಬಲಗಿವಿಗೆ ಹಿಡಿದರು, ಎಡಗಿವಿಗೆ ಹಿಡಿದರು. ಎರಡನೆಯದು ಬೇರೆ ಫೋರ್ಕ್, ಸ್ವರ ಇಳಿದಿದೆ ಎಂದೆ. ಅವರು ಎರಡೂ ಕೈ ತೋರಿಸಿದರು. ಇದ್ದದ್ದು ಒಂದೇ. ಅಷ್ಟಕ್ಕೂ ಒಪ್ಪದೆ ಪೇಟಿಯ ಕಥೆ ಹೇಳಿದೆ. ಮರಾಠಿಯಲ್ಲಿ ನಿಧಾನವಾಗಿ ಹೇಳಿದರು:

"ಕಾಕಾ, ಪೇಟಿ ಠೀಕ ಹೋತಿ. ತುಮ್ಚಾ ಕಾನ ಬಿಘಡಲಾಯ್."

ಪೇಟಿ ಸರಿಯಾಗಿತ್ತು. ಕೆಟ್ಟದ್ದು ನನ್ನ ಕಿವಿ.

ನರಕ್ಕೆ ಪೆಟ್ಟಾಗಿದೆ, ಒಂದೇ ಸ್ವರ ಎರಡು ಕಿವಿಯಲ್ಲಿ ಎರಡಾಗಿ ಕೇಳಿಸುತ್ತಿದೆ, ಸೀಟಿ ಶುರುವಾದ ಕೂಡಲೇ ಬಂದಿದ್ದರೆ ಔಷಧ ಹೆಚ್ಚು ನಾಟುತ್ತಿತ್ತು ಎಂದರು. ಹೊರಗೆ ಬಂದು ಬಸ್ಸಿಗೆ ನಿಂತಾಗ ಕಾಶಿಬಾಯಿ ಒಂದೇ ಮಾತು ಆಡಿದಳು.

"ನಮ್ಮಪ್ಪನ ಪೇಟಿ ಕೊಂದ್ರಿ ನೀವು."

ಸ್ಟೆರಾಯ್ಡ್ ಗುಳಿಗೆ ಶುರುವಾಯಿತು. ಮುಖ ಉಬ್ಬಿತು, ಶುಗರ್ ಏರಿತು, ಸೀಟಿ ಇದ್ದಲ್ಲೇ ಇತ್ತು. ಹಿಯರಿಂಗ್ ಏಡ್ ಹಾಕಿಸಿದರು. ಅದು ಎಂಥ ಯಂತ್ರವೋ. ಹೈವೇ ಮೇಲಿನ ಲಾರಿಯ ಹಾರ್ನು, ರೊಟ್ಟಿ ಬಡಿಯುವ ಸದ್ದು, ನನ್ನದೇ ಚಪ್ಪಲಿ, ಬೇಡವಾದದ್ದೆಲ್ಲ ಮೈಮೇಲೆ ಬೀಳುತ್ತಿತ್ತು. ನಿಲಂಗಾದಿಂದ ಮಗಳು ಫೋನ್ ಮಾಡಿದರೆ ಆ ಯಂತ್ರವೇ ಶಿಳ್ಳೆ ಹೊಡೆಯುತ್ತಿತ್ತು. ಹಾಡು ಮಾತ್ರ ಎರಡಾಗಿಯೇ ಉಳಿಯಿತು, ಈಗ ಎರಡೂ ಜೋರಾಗಿ. ಹಳೆಯ ಕ್ಯಾಸೆಟ್ಟುಗಳನ್ನು ಹಾಕಿ ನೋಡಿದೆ. ಯಾವ ಹಾಡುಗಾರನೂ ಸ್ವರದಲ್ಲಿರಲಿಲ್ಲ. ಸಿಟ್ಟಿನಿಂದ ಟೇಪು ಬಂದ್ ಮಾಡುವುದು, ಸ್ವಲ್ಪ ಹೊತ್ತಿಗೆ ಮತ್ತೆ ಹಚ್ಚುವುದು. ಚಳಿಗಾಲವೆಲ್ಲ ನಾನು ಸಂಗೀತ ಕೇಳಿದ್ದು ಹೀಗೆ. ಸೋಮವಾರ ಸಂಜೆ ಗುಡಿಯ ಕಡೆಯಿಂದ ಏನೂ ಕೇಳಿಸುತ್ತಿರಲಿಲ್ಲ. ಅದಕ್ಕೆ ಕಿವಿಯನ್ನು ದೂರುವ ಹಾಗಿರಲಿಲ್ಲ.

ಬೇಸಿಗೆಗೆ ಪೇಟಿಯನ್ನು ಬಸ್ಸಿನಲ್ಲಿ ಇಟ್ಟುಕೊಂಡು ಉದಗೀರಕ್ಕೆ ಹೋದೆ. ಅಲ್ಲಿ ಪೇಟಿ ರಿಪೇರಿ ಮಾಡುವವನು ರೀಡುಗಳನ್ನು ನೋಡಿ, ಇದನ್ನು ಯಾವ ಮಹಾನುಭಾವ ಉಜ್ಜಿದ್ದು ಎಂದು ಕೇಳಿದ. ನಾನೇ ಎಂದೆ. ಅವನು ಕೆಟ್ಟವನ್ನು ತೆಗೆದು ಹೊಸ ರೀಡು ಕೂಡಿಸಿಕೊಟ್ಟ.

ಅದನ್ನು ಹೊತ್ತು ಮಲ್ಲಪ್ಪನ ಕುರಿದಡ್ಡಿಗೆ ಹೋದೆ. ಅವನು ಒಂದು ಮರಿಗೆ ಹಾಲು ಕುಡಿಸುತ್ತಿದ್ದ. ನಿಂತುಕೊಂಡೇ ಹೇಳಿದೆ.

"ಪೇಟಿ ಸರಿ ಇತ್ತು ಮಲ್ಲಪ್ಪ. ನನ್ನ ಕಿವಿ ಕೆಟ್ಟಿತ್ತು. ಕೆಡಸಿದಾಂವ ನಾನೇ. ನಿನಗ ಅಂದ ಮಾತೂ ತಪ್ಪು."

ಮರಿ ಬಾಯಿ ಬಿಡುವ ತನಕ ಅವನು ತಲೆ ಎತ್ತಲಿಲ್ಲ. ಆಮೇಲೆ ಕೈ ಒರೆಸಿಕೊಂಡು, "ಅಲ್ಲೇ ಇಡ್ರಿ, ಮರಿ ಒದ್ದಾವು ಮತ್ತ" ಎಂದ. ಕರೆಯಲೂ ಇಲ್ಲ, ಕಳಿಸಲೂ ಇಲ್ಲ.

ಈ ಶ್ರಾವಣದ ಮೊದಲ ಸೋಮವಾರ ಗುಡಿಯಲ್ಲಿ ತಾಳದ ಸದ್ದು ಕೇಳಿಸಿತು. ಯಂತ್ರವನ್ನು ಜೇಬಿಗೆ ಹಾಕಿ, ಎಡಗಿವಿಗೆ ಹತ್ತಿ ತುರುಕಿ, ಹೋಗಿ ಹಿಂದೆ ಕಂಬಕ್ಕೆ ಒರಗಿ ಕೂತೆ. ಬಲಗಿವಿ ಒಂದರಿಂದಲೇ ಕೇಳಿದರೆ ಸ್ವರ ಸಣಕಲಾಗುತ್ತದೆ. ಆದರೆ ಒಂದೇ ಇರುತ್ತದೆ. ಇಷ್ಟು ಸಣ್ಣ ಉಪಾಯ ಅಂದು ಅರ ಹಿಡಿಯುವ ಮೊದಲು ಹೊಳೆಯಲಿಲ್ಲವಲ್ಲ.

ಮೊದಲ ಪದ ಮುಗಿಸಿ ಮಲ್ಲಪ್ಪ ಭಾತೆ ಹಿಡಿದ. ಎಲ್ಲರೆದುರು, ನಗದೆ ಕೇಳಿದ.

"ಮಾವಾ, ಸ್ವರ ಹ್ಯಾಂಗದ?"

ಹೊಸ ರೀಡು ಹಳೆಯವಕ್ಕೆ ಕೂಡಿದೆಯೋ ಇಲ್ಲವೋ, ನಿಜವಾಗಿ ನನಗೆ ತಿಳಿಯಲಿಲ್ಲ.

"ನನಗ ಕೇಳಬ್ಯಾಡಪ್ಪ. ನಿಮ್ಮಕ್ಕಗ ಕೇಳು."

ಹೆಂಗಸರ ನಡುವಿನಿಂದ ಕಾಶಿಬಾಯಿ ಹೇಳಿದಳು. "ಅಪ್ಪ ಇದ್ದಾಗ ಇದ್ದಂಗೇ ಅದ. ಬಾರಸು."

ಅವನು ಬಾರಿಸಿದ. ಹತ್ತಿಯ ಹಿಂದೆ ಸೀಟಿ ಕೂಗುತ್ತಲೇ ಇತ್ತು. ಕೂಗಲಿ ಎಂದು ಬಲಗಿವಿಯನ್ನು ಪೇಟಿಯ ಕಡೆ ತಿರುಗಿಸಿಕೊಂಡು ಕೂತೆ.