ದೂಳು ಕವಿದ ದಿನದ ಪಾಠ

ಇವತ್ತು ಬೆಳಿಗ್ಗೆ ಎಸಿಯ ಸಂದಿಯಿಂದ ದೂಳಿನ ವಾಸನೆ ಬಂತು. ದೋಹಾದ ಅಲ್ ಮುಂತಜಾ ಬಡಾವಣೆಯ ಈ ಹಳೇ ಫ್ಲಾಟಿನ ಕಿಟಕಿಗಳು ಎಷ್ಟು ಟೇಪ್ ಅಂಟಿಸಿದರೂ ಬಾಯಿ ಮುಚ್ಚುವುದಿಲ್ಲ. ಆ ವಾಸನೆಗೆ ನನ್ನ ಎಡಗೈ ತಾನಾಗಿ ತಣ್ಣಗಾಯಿತು. ಸಮಾಜ ಪಾಠದ ಟೀಚರ್ ನೆನಪಾದರು...

ನಾನು ದೋಹಾದಲ್ಲೇ ಓದಿದವಳು. ತರಗತಿಯಲ್ಲಿ ಎಲ್ಲರಿಗಿಂತ ಕಪ್ಪು. ಅಮ್ಮ ಕಡಲೆಹಿಟ್ಟು ಹಚ್ಚಿ ಹಚ್ಚಿ ಸೋತಿದ್ದರು. ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ, ಬಣ್ಣ ಅಂಟಿಕೊಳ್ಳುತ್ತದಂತೆ! ಟೀಚರ್ ಅದನ್ನು ಗಮನಿಸಿರಬೇಕು. ಮೈಬಣ್ಣ ನೋಡಿ ಮನುಷ್ಯರನ್ನು ಕೀಳಾಗಿ ಕಂಡ ಕಥೆಗಳನ್ನು ವಾರಕ್ಕೊಂದು ಪೀರಿಯಡ್, ಪುಸ್ತಕ ಮುಚ್ಚಿಸಿ ಹೇಳತೊಡಗಿದರು.

ಅಂಥದೊಂದು ಪೀರಿಯಡ್‌ನಲ್ಲಿ ದೂಳು ಎದ್ದಿತು. ಕಿಟಕಿ ಮೊದಲು ಕಂದು ಬಣ್ಣಕ್ಕೆ ತಿರುಗಿ, ಆಮೇಲೆ ಕಪ್ಪಾಯಿತು. ಕರೆಂಟೂ ಹೋಯಿತು. “ಈಗ ಪಕ್ಕದವರನ್ನು ನೋಡಿ. ಯಾವ ಬಣ್ಣ?” ಬೋರ್ಡಿನ ಹತ್ತಿರದಿಂದ ಟೀಚರ್ ದನಿ ಬಂತು. ಆ ಕತ್ತಲಲ್ಲಿ ಯಾರಿಗೂ ಮುಖವೇ ಇರಲಿಲ್ಲ. ಆಗ ನನ್ನ ಪಕ್ಕದ ಖಾಲಿ ಜಾಗದಿಂದ ಒಂದು ತಣ್ಣನೆಯ ಕೈ ಬಂದು ನನ್ನ ಎಡಗೈ ಹಿಡಿಯಿತು. ಟೀಚರ್ ದನಿ ಇನ್ನೂ ಬೋರ್ಡಿನ ಹತ್ತಿರವೇ ಇತ್ತು...

ದೀಪ ಬಂದಾಗ ಪಕ್ಕದಲ್ಲಿ ಯಾರೂ ಇಲ್ಲ. ನನ್ನ ಅಂಗೈಯಲ್ಲಿ ಸೀಮೆಸುಣ್ಣದ ಪುಡಿ. ಕೈ ಹಿಡಿದದ್ದು ಯಾರೆಂದು ಕೇಳುತ್ತ ಅದನ್ನು ಟೀಚರಿಗೆ ತೋರಿಸಿದೆ. ಮಂಗಳೂರು ಕಡೆಯವರಾದ ಅವರು ನನ್ನ ಹತ್ತಿರ ಮಾತ್ರ ಕನ್ನಡದಲ್ಲಿ ಮಾತಾಡುತ್ತಿದ್ದರು. “ಯಾರದ್ದಾದ್ರೂ ಆಗ್ಲಿ ಮಾರಾಯ್ತಿ, ಹಿಡ್ಕೊಂಡ್ರಲ್ಲ” ಎಂದು ನಕ್ಕರು.

ಆ ಪಾಠಗಳ ಸುದ್ದಿ ಮನೆಮನೆಗೆ ಹೋಗಿ ಪೋಷಕರ ಸಭೆ ಸೇರಿತು. ಇಲ್ಲದ ವಿಷವನ್ನು ಮಕ್ಕಳ ತಲೆಗೆ ಯಾಕೆ ತುಂಬುತ್ತೀರಿ ಎಂದು ಎಲ್ಲರೂ ಮುಗಿಬಿದ್ದರು. “ನಮ್ಮಲ್ಲಿ ಅಂಥದ್ದೆಲ್ಲ ಎಲ್ಲುಂಟು? ಖಲಾಸ್, ನಿಲ್ಲಿಸಿ” ಎಂದು ಕೈ ಎತ್ತಿದವರು ನನ್ನ ಅಪ್ಪ, ನನ್ನಷ್ಟೇ ಕಪ್ಪಗಿದ್ದ ಅಪ್ಪ. ಅದು ಇವತ್ತಿಗೂ ಚುಚ್ಚುತ್ತದೆ. ಪಾಠ ನಿಂತಿತು. ರಜೆಗೆ ಊರಿಗೆ ಹೋದ ಟೀಚರ್ ಮರಳಿ ಬರಲಿಲ್ಲ. ಅವರು ತೀರಿಕೊಂಡ ಸುದ್ದಿ ಹೋದ ವರ್ಷ ಯಾರೋ ಹೇಳಿದರು, ನಾನು ಅಷ್ಟಾಗಿ ನಂಬಲಿಲ್ಲ.

ಇವತ್ತು ಮಧ್ಯಾಹ್ನ ಮಗಳ ಶಾಲೆಯಲ್ಲಿ ಸಭೆ ಇತ್ತು. ಮಕ್ಕಳಿಗೆ ವರ್ಣಭೇದದ ಪಾಠ ಬೇಕೋ ಬೇಡವೋ ಎಂಬ ಅದೇ ಪ್ರಶ್ನೆ. ಹೊರಗೆ ದೂಳು ಕವಿದು, ಹಾಲ್‌ನಲ್ಲಿದ್ದ ಎಲ್ಲ ಮುಖಗಳೂ ಒಂದೇ ಕಂದು ಬಣ್ಣಕ್ಕೆ ತಿರುಗಿದ್ದವು. ಬೇಡ ಎನ್ನುವವರ ಕೈಗಳು ಒಟ್ಟಿಗೇ, ಸದ್ದಿಲ್ಲದೆ ಮೇಲೆದ್ದವು. ಬೇಕು ಎಂದು ಬಲಗೈ ಎತ್ತಿದವಳು ನಾನೊಬ್ಬಳೇ.

ಪಕ್ಕದ ಕುರ್ಚಿ ಖಾಲಿಯಿತ್ತು. ಎಡಗೈಯನ್ನು ಮೆಲ್ಲನೆ ಅದರ ಮೇಲಿಟ್ಟು, ಸೀಮೆಸುಣ್ಣದ ಆ ತಣ್ಣನೆಯ ಕೈಗಾಗಿ ಕಾದೆ... ಯಾರೂ ಹಿಡಿಯಲಿಲ್ಲ. ಟೀಚರ್ ಇನ್ನಿಲ್ಲ ಎಂಬುದು ನನಗೆ ನಿಜವಾಗಿ ತಿಳಿದದ್ದು ಆಗಲೇ. ಬಲಗೈಯನ್ನು ಮಾತ್ರ ಇಳಿಸಲಿಲ್ಲ.